ಬೆಳಗ್ಗೆ ಶೆಡ್ಡಿನಲ್ಲಿ ಸ್ಟಾರ್ಟ್ ಆಗಲ್ಲ, ಮಧ್ಯಾಹ್ನ ಬಿಸಿಲಿಗೆ ತಂದರೆ ಆಗುತ್ತದೆ: ಅಪ್ಪನ 1995ರ ಬುಲೆಟ್‌ಗೆ ಏನಾಗಿದೆ?

ಆಲ್ದೂರು ಬುಲೆಟ್
ಭಾನುವಾರ, ಬೆಳಗ್ಗೆ 8:10

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೇನೆ. ಗೊತ್ತಿರುವವರು ದಯವಿಟ್ಟು ದಾರಿ ಹೇಳಿ.

ಅಪ್ಪ 1995ರಲ್ಲಿ ತಗೊಂಡ ಬುಲೆಟ್ 350. ಪಾಯಿಂಟ್ ಗಾಡಿ (ಕಿಡಿಯ ಕರೆಂಟನ್ನು ಮುಚ್ಚಿ ತೆರೆಯುವ ಪುಟ್ಟ ಸ್ವಿಚ್ ಇರುವ ಹಳೇ ಮಾದರಿ), 12 ವೋಲ್ಟ್, ಕಿಕ್ಕರ್ ಮಾತ್ರ, ಬಲಗಾಲಿಗೆ ಗೇರು. ಅಪ್ಪನಿಗೆ ಮಂಡಿ ನೋವು ಬಂದ ಮೇಲೆ ನಾನೇ ಓಡಿಸುತ್ತಿದ್ದೇನೆ.

ಬೆಳಗ್ಗೆ ಶೆಡ್ಡಿನಲ್ಲಿ ಇಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಕೆಲವು ಸಲ ಒಂದೇ ಒಂದು 'ಟಪ್' ಅಂದು ಸುಮ್ಮನಾಗುತ್ತದೆ. ಮಧ್ಯಾಹ್ನ ಕಾಫಿ ಕಣಕ್ಕೆ ತಳ್ಳಿಕೊಂಡು ಬಂದು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿದರೆ ಮೂರನೇ ಕಿಕ್ಕಿಗೆ ಸ್ಟಾರ್ಟ್. ಆಮೇಲೆ ಚಿಕ್ಕಮಗಳೂರಿಗೆ ಹೋಗಿ ಬಂದರೂ ತೊಂದರೆ ಇಲ್ಲ.

ಇಲ್ಲಿಯವರೆಗೆ ಬದಲಿಸಿದ್ದು: ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್, ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಸುರುಳಿ), ಕೊನೆಗೆ ಬ್ಯಾಟರಿ. ಐದು ಸಾವಿರಕ್ಕೂ ಜಾಸ್ತಿ ಖರ್ಚಾಯಿತು. ಗಾಡಿ ನೋಡುತ್ತಿರುವ ಮೆಕ್ಯಾನಿಕ್ ಈಗ "ಪೂರ್ತಿ ವೈರಿಂಗ್ ಕಿಟ್ ಹಾಕಿಬಿಡೋಣ" ಅನ್ನುತ್ತಿದ್ದಾರೆ. ಹಾಕಿದ ಮೇಲೂ ಸರಿಹೋಗದಿದ್ದರೆ? ಅಪ್ಪ "ಮಾರಿಬಿಡು" ಅಂದರು. ಹಾಗೆ ಹೇಳಿ ಎದ್ದು ಒಳಗೆ ಹೋದರು. ಅದು ಅವರ ಮನಸ್ಸಿನ ಮಾತಲ್ಲ ಅಂತ ನನಗೆ ಗೊತ್ತು.


ಕೆಎ13 ಸವಾರ
ಭಾನುವಾರ, ಬೆಳಗ್ಗೆ 8:24

ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ ಅಂದ ಮೇಲೆ ಇನ್ನೇನು ಗುರು, ತೇವ ಅಷ್ಟೇ. ಪ್ಲಗ್ ಕ್ಯಾಪ್ ಮತ್ತು ಕಾಯಿಲ್‌ನಿಂದ ಪ್ಲಗ್‌ಗೆ ಬರುವ ದಪ್ಪ ವೈರ್ ಬದಲಿಸು. ಮಲೆನಾಡಿನಲ್ಲಿ ಗಾಡಿ ಇಟ್ಟರೆ ಇದು ಇದ್ದದ್ದೇ.


ಮೂಡಿಗೆರೆ ಮಳೆ
ಭಾನುವಾರ, ಬೆಳಗ್ಗೆ 8:41

ನನಗೂ ತೇವ ಅಂತಲೇ ಅನಿಸುತ್ತದೆ. ನನ್ನ ಆರ್‌ಎಕ್ಸ್ 100ಕ್ಕೆ ಹೀಗೇ ಆಗಿತ್ತು. ರಾತ್ರಿ ಲೈಟ್ ಆರಿಸಿ, ಅಣ್ಣನಿಗೆ ಕಿಕ್ ಹೊಡೆಯಲು ಹೇಳಿ ನೋಡಿದೆ. ಪ್ಲಗ್ ವೈರಿನ ಮೇಲೆ ಸಣ್ಣ ನೀಲಿ ಕಿಡಿ ಹರಿದು ಇಂಜಿನ್ನಿಗೆ ಹಾರುತ್ತಿತ್ತು. ವೈರ್ ಬಿರುಕು ಬಿಟ್ಟು ಅದರೊಳಗೆ ನೀರು ಕೂತಿತ್ತು. ನೀವೂ ಕತ್ತಲಲ್ಲಿ ಒಮ್ಮೆ ನೋಡಿ. ಖರ್ಚಿಲ್ಲದ ಪರೀಕ್ಷೆ.


ಕೊಪ್ಪದ ಕಾಫಿ
ಭಾನುವಾರ, ಬೆಳಗ್ಗೆ 9:02

ಬ್ಯಾಟರಿಗೆ ಯಾಕೆ ದುಡ್ಡು ಹಾಕಿದಿರಿ ಮಾರಾಯ್ರೆ? ಕಿಕ್ಕರ್ ಗಾಡಿಗೆ ಬ್ಯಾಟರಿ ಲೆಕ್ಕಕ್ಕೇ ಇಲ್ಲ. ನಮ್ಮ ಹಳೇ ಸ್ಪ್ಲೆಂಡರ್ ಒಂದು ವರ್ಷ ಬ್ಯಾಟರಿ ಇಲ್ಲದೇ ಓಡಿದೆ.


ಬೇಲೂರು ಗ್ಯಾರೇಜ್
ಭಾನುವಾರ, ಬೆಳಗ್ಗೆ 9:30

ಕೊಪ್ಪದವರೇ, ಅದು ಬೇರೆ, ಇದು ಬೇರೆ. ಹಳೇ ಸ್ಪ್ಲೆಂಡರ್, ಸಿಡಿ 100, ಆರ್‌ಎಕ್ಸ್ 100 ಇವುಗಳಲ್ಲಿ ಕಿಡಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟ್ ಒಳಗಿನ ಸುರುಳಿಯೇ ಹುಟ್ಟಿಸುತ್ತದೆ. ಕಿಕ್ ಹೊಡೆದರೆ ಮ್ಯಾಗ್ನೆಟ್ ತಿರುಗುತ್ತದೆ, ಆ ಕರೆಂಟಿನಿಂದಲೇ ಕಿಡಿ ಬರುತ್ತದೆ. ಬ್ಯಾಟರಿ ಹಾರ್ನ್, ಇಂಡಿಕೇಟರ್ ಅಂಥವಕ್ಕೆ ಮಾತ್ರ. ಈ ಬುಲೆಟ್ಟಿನಲ್ಲಿ ಕಾಯಿಲ್‌ಗೆ ಕರೆಂಟ್ ಹೋಗುವುದು ಬ್ಯಾಟರಿಯಿಂದಲೇ. ಬ್ಯಾಟರಿ ಸತ್ತರೆ ಕಿಡಿ ಇಲ್ಲ.

ಆಲ್ದೂರಿನವರೇ, ಎರಡು ವಿಷಯ ಹೇಳಿ. ಬೆಳಗ್ಗೆ ಕಿಡಿಯ ಬಣ್ಣ ಏನು? ಕೀ ಹಾಕಿ ಕಿಕ್ಕರನ್ನು ಕೈಯಲ್ಲಿ ನಿಧಾನವಾಗಿ ಒತ್ತಿದರೆ ಆಂಪಿಯರ್ ಮೀಟರಿನ ಮುಳ್ಳು ಎಷ್ಟು ಇಳಿಯುತ್ತದೆ?


ಆಲ್ದೂರು ಬುಲೆಟ್
ಭಾನುವಾರ, ಬೆಳಗ್ಗೆ 10:15

ಈಗಷ್ಟೇ ಶೆಡ್ಡಿನಲ್ಲಿ ನೋಡಿಕೊಂಡು ಬಂದೆ. ಪ್ಲಗ್ ಬಿಚ್ಚಿ ಇಂಜಿನ್ನಿಗೆ ಮುಟ್ಟಿಸಿಟ್ಟು ಕಿಕ್ ಹೊಡೆದಾಗ ಕಿಡಿ ಬಂತು, ಆದರೆ ಸಣ್ಣದು, ಹಳದಿ ಬಣ್ಣ. ಮುಳ್ಳು ಮೈನಸ್ ಕಡೆ ಚೂರೇ ಚೂರು ಅಲುಗಿತು. ಮೊದಲೆಲ್ಲ ಇನ್ನೂ ಚೆನ್ನಾಗಿ ಇಳಿಯುತ್ತಿತ್ತು ಅಂತ ಅಪ್ಪ ಅಂದರು. ಹಾರ್ನ್, ಹೆಡ್‌ಲೈಟ್ ಎರಡೂ ಜೋರಾಗಿವೆ.


ಕೆಎ13 ಸವಾರ
ಭಾನುವಾರ, ಬೆಳಗ್ಗೆ 10:22

ಕಿಡಿ ಬರುತ್ತಿದೆ ಅಲ್ವಾ? ಹಾಗಾದರೆ ಎಲೆಕ್ಟ್ರಿಕಲ್ ಸರಿ ಇದೆ. ಕಾರ್ಬುರೇಟರ್ ನೋಡು.


ಬೇಲೂರು ಗ್ಯಾರೇಜ್
ಭಾನುವಾರ, ಬೆಳಗ್ಗೆ 10:40

ಹೊರಗೆ ಕಿಡಿ ಬಂದರೆ ಒಳಗೂ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುತ್ತದೆ. ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಹೊರಗಿಗಿಂತ ತುಂಬಾ ಜಾಸ್ತಿ ವೋಲ್ಟೇಜ್ ಬೇಕು. ಹಳದಿ ಕಿಡಿ ಅಲ್ಲಿ ಸೋಲುತ್ತದೆ. ನೀಲಿಯಾಗಿ, 'ಚಟ್' ಅಂತ ಶಬ್ದ ಬರುವ ಹಾಗಿರಬೇಕು.

ಮುಳ್ಳು ಸರಿಯಾಗಿ ಇಳಿಯುತ್ತಿಲ್ಲ ಅಂದರೆ ಕಾಯಿಲ್‌ಗೆ ಪೂರ್ತಿ ಕರೆಂಟ್ ಹೋಗುತ್ತಿಲ್ಲ. ಪಾಯಿಂಟ್ ಗ್ಯಾಪ್ ಎಷ್ಟಿಟ್ಟಿದ್ದಾರೆ ನೋಡಿ. 0.35ರಿಂದ 0.40 ಮಿಲಿಮೀಟರ್ ಇರಬೇಕು. ಹೊಸ ಪಾಯಿಂಟಿನ ಮೇಲೆ ಎಣ್ಣೆಯ ಪದರ ಇರುತ್ತದೆ, ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಒರೆಸದೇ ಹಾಕಿದರೂ ಹೀಗಾಗುತ್ತದೆ.


ಆಲ್ದೂರು ಬುಲೆಟ್
ಭಾನುವಾರ, ಬೆಳಗ್ಗೆ 11:30

ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿದೆ, 0.38 ಇದೆ. ಒರೆಸಿಯೂ ಆಯಿತು. ಏನೂ ವ್ಯತ್ಯಾಸ ಇಲ್ಲ.

ಇನ್ನೊಂದು ಹೇಳುವುದು ಮರೆತೆ. ಮೆಕ್ಯಾನಿಕ್ ಒಂದು ಬೆಳಗ್ಗೆ ಮನೆಗೇ ಬಂದು, ಕಾಯಿಲ್‌ಗೆ ಹೋಗುವ ವೈರ್ ಕಿತ್ತು ಅದಕ್ಕೆ ಮಲ್ಟಿಮೀಟರ್ ಇಟ್ಟು ನೋಡಿದ್ದರು. 12.6 ತೋರಿಸಿತ್ತು. ಬ್ಯಾಟರಿಯಲ್ಲೂ 12.6. ಹಾಗಾಗಿ ಅಲ್ಲಿಯವರೆಗೆ ಕರೆಂಟ್ ಬರುತ್ತಿದೆ ಅಂತ ಕಾಯಿಲ್ ಬದಲಿಸಿದರು.


ಕೆಎ13 ಸವಾರ
ಭಾನುವಾರ, ಬೆಳಗ್ಗೆ 11:34

ಬ್ಯಾಟರಿಯಲ್ಲಿ 12.6, ಕಾಯಿಲ್ ಹತ್ತಿರವೂ 12.6. ವೈರಿಂಗ್ ಪಕ್ಕಾ ಸರಿ ಇದೆ. ವೈರಿಂಗ್ ಕಿಟ್‌ಗೆ ದುಡ್ಡು ಹಾಕಬೇಡ.


ಪಲ್ಸರ್ 2007
ಭಾನುವಾರ, ಮಧ್ಯಾಹ್ನ 12:05

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಅರಸೀಕೆರೆ, ಪಲ್ಸರ್ 150. ಸೆಲ್ಫ್ ಒತ್ತಿದರೆ 'ಟಿಕ್ ಟಿಕ್' ಅಂತ ಶಬ್ದ ಮಾತ್ರ, ಮೋಟಾರ್ ತಿರುಗುವುದಿಲ್ಲ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಅಂಗಡಿಯವರು ಸೆಲ್ಫ್ ಮೋಟಾರೇ ಹೋಗಿದೆ ಅಂದರು. ಹೌದಾ?


ಯೆಜ್ಡಿ ಹುಚ್ಚ
ಭಾನುವಾರ, ಮಧ್ಯಾಹ್ನ 12:11

ಬೇರೆ ಪೋಸ್ಟ್ ಹಾಕಿ ಸಾರ್, ಇಲ್ಲಿ ಬುಲೆಟ್ ವಿಷಯ ನಡೆಯುತ್ತಿದೆ.


ಡೈನಮೋ ತಾತ
ಭಾನುವಾರ, ಮಧ್ಯಾಹ್ನ 2:20

ಇರಲಿ ಬಿಡಿ, ಎರಡಕ್ಕೂ ಉತ್ತರ ಒಂದೇ ದಾರಿಯಲ್ಲಿದೆ. ನಾನು ಹಾಸನದವನು. ಬಸ್ಸು ಲಾರಿಗಳ ಎಲೆಕ್ಟ್ರಿಕಲ್ ಕೆಲಸ ಮೂವತ್ತು ವರ್ಷ ಮಾಡಿದ್ದೇನೆ. ನಿಧಾನವಾಗಿ ಬರೆಯುತ್ತೇನೆ, ಪೂರ್ತಿ ಓದಿ.

ಮೊದಲು ಆಲ್ದೂರಿನ ಹುಡುಗನಿಗೆ. ನಿಮ್ಮ ಮೆಕ್ಯಾನಿಕ್ ವೈರ್ ಕಿತ್ತು ಅಳೆದರಲ್ಲ, ಆ 12.6ಕ್ಕೆ ಬೆಲೆ ಇಲ್ಲ. ವೈರ್ ಕಿತ್ತ ಮೇಲೆ ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಕಡಿಮೆಯಾಗುವುದೂ ಇಲ್ಲ. ನಿಮ್ಮ ತೋಟದ ಸ್ಪ್ರಿಂಕ್ಲರ್ ಪೈಪನ್ನೇ ನೆನಪು ಮಾಡಿಕೊಳ್ಳಿ. ಮಧ್ಯದಲ್ಲಿ ಎಲ್ಲೋ ಕಸ ಕಟ್ಟಿದೆ. ತುದಿಯ ವಾಲ್ವ್ ಮುಚ್ಚಿದ್ದರೆ ಗೇಜಿನಲ್ಲಿ ಪ್ರೆಷರ್ ಪೂರ್ತಿ ತೋರಿಸುತ್ತದೆ. ವಾಲ್ವ್ ತೆರೆದ ಕೂಡಲೇ ಮುಳ್ಳು ಬೀಳುತ್ತದೆ, ನೀರು ನೂಲಿನ ಹಾಗೆ ಬರುತ್ತದೆ. ಹಾಗೇ ಇದು. ಒಂದೇ ಒಂದು ಎಳೆ ಉಳಿದ ವೈರ್ ಕೂಡ ಮಲ್ಟಿಮೀಟರಿಗೆ 12.6 ತೋರಿಸುತ್ತದೆ. ಕೆಲಸ ಕೊಟ್ಟು ಅಳೆಯಬೇಕು.

ಪಾಯಿಂಟ್ ಗಾಡಿಯ ಕೆಲಸ ಹೀಗೆ. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿದು ಅಯಸ್ಕಾಂತದ ಶಕ್ತಿ ಕಟ್ಟುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಶಕ್ತಿ ಕುಸಿಯುತ್ತದೆ, ತೆಳು ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದೇ ಕಿಡಿ. ಕಂಡೆನ್ಸರ್ ಇರುವುದು ಪಾಯಿಂಟ್ ಮೇಲೆ ಕಿಡಿ ಹಾರಿ ಆ ಶಕ್ತಿ ಪೋಲಾಗದಿರಲಿ ಅಂತ. ಈ ಕಾಯಿಲ್ ಸುಮಾರು 4 ಓಮ್. 12 ವೋಲ್ಟಿಗೆ 3 ಆಂಪಿಯರ್ ಹರಿಯಬೇಕು. ನಿಮ್ಮ ಅಪ್ಪ ನೋಡುತ್ತಿದ್ದ ಮುಳ್ಳಿನ ಇಳಿತ ಅದೇ 3 ಆಂಪಿಯರ್. ಈಗ ಅಷ್ಟು ಇಳಿಯುತ್ತಿಲ್ಲ. ಹೊಸ ಪಾಯಿಂಟ್, ಹೊಸ ಕಾಯಿಲ್ ಹಾಕಿದ ಮೇಲೂ ಇಳಿಯುತ್ತಿಲ್ಲ ಅಂದರೆ ದಾರಿಯಲ್ಲಿ ಯಾರೋ ತಡೆಯುತ್ತಿದ್ದಾರೆ.

ಬ್ಯಾಟರಿ, ಫ್ಯೂಸ್, ಆಂಪಿಯರ್ ಮೀಟರ್, ಕೀ ಸ್ವಿಚ್, ಅಲ್ಲಿಂದ ಟ್ಯಾಂಕ್ ಕೆಳಗಿನ ಕಾಯಿಲ್, ಆಮೇಲೆ ಪಾಯಿಂಟ್, ಕೊನೆಗೆ ಬಾಡಿ ಅರ್ಥ್, ಅಂದರೆ ಗಾಡಿಯ ಲೋಹದ ಮೈ. ಇದೇ ದಾರಿ. ಹಾರ್ನ್ ಮತ್ತು ಲೈಟ್ ಜೋರಾಗಿವೆ ಅಂದಿರಿ. ಹಾಗಾದರೆ ಬ್ಯಾಟರಿಯಿಂದ ಹೆಡ್‌ಲೈಟ್ ಡೂಮ್ (ಹೆಡ್‌ಲೈಟ್ ಕೂತಿರುವ ಲೋಹದ ಗೂಡು) ವರೆಗೆ ಸರಿ ಇರಬೇಕು. ಸಂಶಯ ಇರುವುದು ಕೀ ಸ್ವಿಚ್ಚಿನಿಂದ ಈಚೆಗೆ.

ಮಾಡಬೇಕಾದ್ದು: ಪಾಯಿಂಟ್ ಮುಚ್ಚುವ ಹಾಗೆ ಕಿಕ್ಕರನ್ನು ನಿಧಾನವಾಗಿ ಒತ್ತಿ ನಿಲ್ಲಿಸಿ. ಕೀ ಆನ್ ಮಾಡಿ. ಎಲ್ಲಾ ವೈರ್ ಅದರದರ ಜಾಗದಲ್ಲೇ ಇರಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಕೆಂಪು ಕಡ್ಡಿ ಕಾಯಿಲಿನ ಪ್ಲಸ್ಸಿಗೆ. 11.5ಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ತಡೆ ಇದೆ. ಹೀಗೆ ಕೀ ಆನ್ ಮಾಡಿ ಜಾಸ್ತಿ ಹೊತ್ತು ಬಿಡಬೇಡಿ. ಕಾಯಿಲ್ ಕಾಯುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಅರ್ಧ ನಿಮಿಷ ಸಾಕು.

ಇನ್ನು ಪಲ್ಸರ್‌ನವರಿಗೆ. ಮೀಟರನ್ನು ಬ್ಯಾಟರಿಯ ಎರಡು ತುದಿಗೆ ಇಟ್ಟು ಸೆಲ್ಫ್ ಒತ್ತಿ. 12.5 ಇದ್ದದ್ದು 9ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. 12ರ ಹತ್ತಿರವೇ ನಿಂತು ಟಿಕ್ ಟಿಕ್ ಅಂದರೆ ರಿಲೇ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್), ದಪ್ಪ ಕೇಬಲ್ ಅಥವಾ ಮೋಟಾರಿನ ಕಾರ್ಬನ್. ಆಗ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ರಿಲೇಯ ಎರಡು ದಪ್ಪ ಬೋಲ್ಟುಗಳನ್ನು ಕೇಬಲ್ ತುಂಡಿನಲ್ಲಿ ಕೂಡಿಸಿ. ಮೋಟಾರ್ ತಿರುಗಿದರೆ ತಪ್ಪು ರಿಲೇಯದು. ಅದನ್ನು ನೋಡುವ ಮೊದಲು ಮೋಟಾರ್ ಬಿಚ್ಚಿಸಬೇಡಿ.


ಮೂಡಿಗೆರೆ ಮಳೆ
ಭಾನುವಾರ, ಮಧ್ಯಾಹ್ನ 2:48

ತಾತ, ಸ್ಪ್ರಿಂಕ್ಲರ್ ಉದಾಹರಣೆ ನನಗೆ ಈಗ ಪೂರ್ತಿ ಅರ್ಥ ಆಯಿತು. ಡಿಪ್ಲೊಮಾ ಓದುವಾಗ ಯಾರೂ ಹೀಗೆ ಹೇಳಿರಲಿಲ್ಲ.


ಆಲ್ದೂರು ಬುಲೆಟ್
ಭಾನುವಾರ, ಮಧ್ಯಾಹ್ನ 3:35

ತಾತ, ತುಂಬಾ ಧನ್ಯವಾದ. ಈಗಷ್ಟೇ ಕಣದಲ್ಲಿ ನಿಲ್ಲಿಸಿ ಅಳೆದೆ. ಪಾಯಿಂಟ್ ಮುಚ್ಚಿದಾಗ ಕಾಯಿಲ್ ಹತ್ತಿರ 11.8. ಎಲ್ಲಾ ಸರಿ ಇದೆಯಲ್ಲ! ಕಿಡಿಯೂ ನೀಲಿ. ಮತ್ತೆ ಶುರುವಿಗೇ ಬಂದ ಹಾಗಾಯಿತು.


ಕೆಎ13 ಸವಾರ
ಭಾನುವಾರ, ಮಧ್ಯಾಹ್ನ 3:41

ನಾನು ಬೆಳಗ್ಗೆಯಿಂದ ಹೇಳುತ್ತಿದ್ದೇನೆ. ಬಿಸಿಲಲ್ಲಿ ಒಣಗಿದೆ, ಸರಿಹೋಗಿದೆ. ತೇವ. ಪ್ಲಗ್ ವೈರ್ ಬದಲಿಸು.


ಬೇಲೂರು ಗ್ಯಾರೇಜ್
ಭಾನುವಾರ, ಮಧ್ಯಾಹ್ನ 3:55

ರೋಗ ಇಲ್ಲದಿರುವಾಗ ಜ್ವರ ನೋಡಿದರೆ ಏನು ಗೊತ್ತಾಗುತ್ತದೆ? ನಾಳೆ ಬೆಳಗ್ಗೆ ಶೆಡ್ಡಿನಲ್ಲಿ, ಸ್ಟಾರ್ಟ್ ಆಗದಿರುವಾಗ ಇದೇ ಅಳತೆ ತೆಗೆಯಿರಿ.

ಮತ್ತೆ ಸವಾರರೇ, ಪ್ಲಗ್ ವೈರ್ ತೇವ ಆದರೆ ಕಿಡಿ ಸೋರುತ್ತದೆ, ಸರಿ. ಆದರೆ ಆಂಪಿಯರ್ ಮೀಟರಿನ ಇಳಿತ ಯಾಕೆ ಕಡಿಮೆಯಾಗಬೇಕು? ಅದು ಬ್ಯಾಟರಿ ಕಡೆಯ ಕರೆಂಟು. ಪ್ಲಗ್ ವೈರಿಗೂ ಅದಕ್ಕೂ ಸಂಬಂಧ ಇಲ್ಲ.


ಕೆಎ13 ಸವಾರ
ಭಾನುವಾರ, ಸಂಜೆ 4:10

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ. ಆದರೆ ಬಿಸಿಲಿಗೆ ಯಾಕೆ ಸರಿಹೋಗುತ್ತದೆ, ಅದನ್ನಾದರೂ ಹೇಳಿ.


ಯೆಜ್ಡಿ ಹುಚ್ಚ
ಭಾನುವಾರ, ಸಂಜೆ 5:20

ನಾಳೆಯವರೆಗೆ ಕಾಯಬೇಕಲ್ಲ, ಅಷ್ಟರಲ್ಲಿ ನನ್ನದೊಂದು ಮಾತು. ನಮ್ಮ ಮನೆಯಲ್ಲಿ ಚಿಕ್ಕಪ್ಪನ ಯೆಜ್ಡಿ ಇದೆ. ಮೈಸೂರಿನ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ 1996ರಲ್ಲಿ ನಿಲ್ಲಿಸಿತು. ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ ಅನ್ನುವ ಅಭಿಮಾನ ನನಗೆ ಈಗಲೂ ಇದೆ. ಕಿಕ್ಕರ್ ಅನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತದೆ, ನೋಡದವರಿಗೆ ನಂಬಿಕೆ ಬರುವುದಿಲ್ಲ. ಅದಕ್ಕೂ ಒಂದು ಸಲ ಹೀಗೇ ಕಿಡಿ ಹೋಗಿತ್ತು. ಕೊನೆಗೆ ಸಿಕ್ಕಿದ್ದು ಬಾಡಿ ಅರ್ಥಿನ ಬೋಲ್ಟ್ ಕೆಳಗೆ ಬಣ್ಣ. ಆಯುಧ ಪೂಜೆಗೆ ಅಂತ ಚಾಸಿಸ್‌ಗೆ ಹೊಸ ಬಣ್ಣ ಹೊಡೆಸಿದ್ದೆವು. ಬಣ್ಣ ಕೆರೆದು ಬೋಲ್ಟ್ ಬಿಗಿ ಮಾಡಿದೆವು, ಸರಿಹೋಯಿತು.


ಕೊಪ್ಪದ ಕಾಫಿ
ಭಾನುವಾರ, ಸಂಜೆ 6:02

ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ಬೇರೆ ಮಾಡಿಸಬೇಕು. ಆಲ್ದೂರಿನವರು ಅದನ್ನೂ ನೋಡಿಕೊಳ್ಳಿ.


ಆಲ್ದೂರು ಬುಲೆಟ್
ಭಾನುವಾರ, ಸಂಜೆ 6:30

ಅದು ಆಗಿದೆ ಸಾರ್. ಹೋದ ವರ್ಷವೇ ಅಪ್ಪ ಮುಂದೆ ನಿಂತು ಮಾಡಿಸಿದರು. ಕೆಎ18 ನಂಬರಿನ ಹಳೇ ಆರ್‌ಸಿ ಬುಕ್ಕನ್ನು ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.


ಪಲ್ಸರ್ 2007
ಭಾನುವಾರ, ರಾತ್ರಿ 8:15

ತಾತ, ಸೆಲ್ಫ್ ಒತ್ತಿದಾಗ ಬ್ಯಾಟರಿ 12.4ರಿಂದ 7.9ಕ್ಕೆ ಬಿತ್ತು. ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ಆಗಿದೆ. ಮೋಟಾರ್ ಬಿಚ್ಚಿಸದೇ ಉಳಿದೆ. ಕಾಲಿಗೆ ನಮಸ್ಕಾರ.


ಡೈನಮೋ ತಾತ
ಭಾನುವಾರ, ರಾತ್ರಿ 8:50

ಬ್ಯಾಟರಿ ತಗೊಳ್ಳುವ ಮೊದಲು ತುದಿಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ರಾತ್ರಿಯಿಡೀ ಚಾರ್ಜ್ ಮಾಡಿ ಇನ್ನೊಮ್ಮೆ ನೋಡಿ. ಆಮೇಲೂ ಬಿದ್ದರೆ ಬದಲಿಸಿ. ಹೊಸದು ಹಾಕಿದ ದಿನವೇ ಇಂಜಿನ್ ಓಡಿಸಿ ಚಾರ್ಜಿಂಗ್ ಅಳೆಯಿರಿ. ಇಲ್ಲದಿದ್ದರೆ ಹೊಸದೂ ಸಾಯುತ್ತದೆ.


ಆಲ್ದೂರು ಬುಲೆಟ್
ಸೋಮವಾರ, ಬೆಳಗ್ಗೆ 7:20

ಎದ್ದ ಕೂಡಲೇ ಶೆಡ್ಡಿಗೆ ಹೋದೆ. ಹೊರಗೆ ಇಬ್ಬನಿ, ಕಣವೇ ಕಾಣಿಸುತ್ತಿಲ್ಲ. ಆರು ಕಿಕ್ ಹೊಡೆದೆ, ಸ್ಟಾರ್ಟ್ ಆಗಲಿಲ್ಲ. ಹಾಗೇ ನಿಲ್ಲಿಸಿ ಮೀಟರ್ ಇಟ್ಟೆ.

ಬ್ಯಾಟರಿ 12.5. ಕಾಯಿಲ್ ಹತ್ತಿರ 8.3!

ಅಪ್ಪನನ್ನು ಕರೆದು ತೋರಿಸಿದೆ. ಅವರು ಮೀಟರನ್ನೇ ಎರಡು ಸಲ ಅಲ್ಲಾಡಿಸಿ ನೋಡಿದರು.


ಬೇಲೂರು ಗ್ಯಾರೇಜ್
ಸೋಮವಾರ, ಬೆಳಗ್ಗೆ 7:31

ಸಿಕ್ಕಿತು. 4 ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ. ಗಾಡಿ ಅಲುಗಿಸಬೇಡಿ. ಒಂದು ದಪ್ಪ ವೈರ್ ತಗೊಂಡು ಬ್ಯಾಟರಿ ಪ್ಲಸ್ಸಿನಿಂದ ನೇರವಾಗಿ ಕಾಯಿಲ್ ಪ್ಲಸ್ಸಿಗೆ ಕೊಟ್ಟು ಕಿಕ್ ಹೊಡೆಯಿರಿ. ವೈರ್ ಬಾಡಿಗೆ ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ಬೆಂಕಿ. ಸ್ಟಾರ್ಟ್ ಆದರೆ ಕೀ ತಿರುಗಿಸಿ ಆಫ್ ಮಾಡಲು ಆಗುವುದಿಲ್ಲ, ಆ ವೈರನ್ನೇ ತೆಗೆಯಬೇಕು.


ಮೂಡಿಗೆರೆ ಮಳೆ
ಸೋಮವಾರ, ಬೆಳಗ್ಗೆ 7:35

ಡಿಕಂಪ್ರೆಸರ್ ಲಿವರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದರೂ ಇಂಜಿನ್ ನಿಲ್ಲುತ್ತದೆ. ಗಾಬರಿ ಆಗಬೇಡಿ.


ಆಲ್ದೂರು ಬುಲೆಟ್
ಸೋಮವಾರ, ಬೆಳಗ್ಗೆ 7:58

ಎರಡನೇ ಕಿಕ್ಕಿಗೆ ಸ್ಟಾರ್ಟ್!! ಶೆಡ್ಡಿನ ಒಳಗೇ, ಇಬ್ಬನಿಯಲ್ಲೇ! ಒಂದು ತಿಂಗಳಲ್ಲಿ ಬೆಳಗ್ಗೆ ಹೊತ್ತು ಆ ಶಬ್ದ ಕೇಳಿದ್ದು ಇದೇ ಮೊದಲು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು.


ಕೆಎ13 ಸವಾರ
ಸೋಮವಾರ, ಬೆಳಗ್ಗೆ 8:05

ಒಪ್ಪಿಕೊಂಡೆ, ತೇವ ಅಲ್ಲ. ಪ್ಲಗ್ ವೈರ್ ಅದೇ, ಇಬ್ಬನಿ ಅದೇ, ಆದರೂ ಸ್ಟಾರ್ಟ್ ಆಯಿತು. ಆದರೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಬಿಸಿಲಿಗೆ ತಂದರೆ ಯಾಕೆ ಸರಿಹೋಗುತ್ತದೆ?


ಸಕಲೇಶಪುರ ಘಾಟಿ
ಸೋಮವಾರ, ಬೆಳಗ್ಗೆ 8:40

ಕೀ ಸ್ವಿಚ್ ಒಳಗೆ ಕಿಲುಬು ಹಿಡಿದಿರಬಹುದು. ನನ್ನ ಗಾಡಿಯಲ್ಲಿ ಅದೇ ಆಗಿತ್ತು. ಬಿಸಿಲಿಗೆ ಬಿಸಿಯಾಗಿ ಹಿಗ್ಗಿದರೆ ಕೂಡಿಕೊಳ್ಳುತ್ತದೆ, ತಣ್ಣಗಾದರೆ ಬಿಡುತ್ತದೆ. ಹೊಸ ಸ್ವಿಚ್ ಹಾಕಿ.


ಡೈನಮೋ ತಾತ
ಸೋಮವಾರ, ಬೆಳಗ್ಗೆ 9:10

ಇನ್ನೊಂದು ಭಾಗ ಬದಲಿಸುವ ಮೊದಲು ಕಾಯಿರಿ. ಹುಡುಗಾ, ಒಂದು ಪ್ರಶ್ನೆ. ಶೆಡ್ಡಿನಲ್ಲಿ ಗಾಡಿ ಹೇಗೆ ನಿಲ್ಲಿಸುತ್ತೀಯ? ಹ್ಯಾಂಡಲ್ ನೇರ ಇರುತ್ತದಾ, ತಿರುಗಿರುತ್ತದಾ? ಕಣದಲ್ಲಿ ಹೇಗೆ?

ಇನ್ನೊಂದು. ಓಡಿಸುವಾಗ ಎಲ್ಲಾದರೂ ತಿರುವಿನಲ್ಲಿ ಇಂಜಿನ್ ಮಿಸ್ ಆಗಿದ್ದು ನೆನಪಿದೆಯಾ?


ಆಲ್ದೂರು ಬುಲೆಟ್
ಸೋಮವಾರ, ಬೆಳಗ್ಗೆ 9:26

ಶೆಡ್ಡು ಇಕ್ಕಟ್ಟು ತಾತ. ಒಂದು ಕಡೆ ಗೊಬ್ಬರದ ಚೀಲ, ಇನ್ನೊಂದು ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಮಾತ್ರ ಹಿಡಿಸುತ್ತದೆ. ಹಾಗೇ ಇಟ್ಟುಕೊಂಡೇ ಕಿಕ್ ಹೊಡೆಯುತ್ತೇನೆ. ಕಣದಲ್ಲಿ ನೇರ ಇರುತ್ತದೆ.

ತಿರುವಿನ ವಿಷಯ... ಹೌದು! ನಮ್ಮ ಮನೆ ದಾರಿಗೆ ಎಡಕ್ಕೆ ಒಂದು ಕಡಿದಾದ ತಿರುವು ಇದೆ. ಅಲ್ಲಿ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದಾಗ ಎರಡು ಮೂರು ಸಲ ಗಾಡಿ ಆಫ್ ಆಗಿದೆ. ಕ್ಲಚ್ ಬಿಟ್ಟದ್ದು ಸರಿಯಾಗಲಿಲ್ಲ ಅಂದುಕೊಂಡಿದ್ದೆ.


ಡೈನಮೋ ತಾತ
ಸೋಮವಾರ, ಬೆಳಗ್ಗೆ 9:33

ನೇರ ಕೊಟ್ಟ ವೈರ್ ತೆಗೆ. ಪಾಯಿಂಟ್ ಮುಚ್ಚಿ, ಕೀ ಆನ್ ಮಾಡಿ, ಮೀಟರ್ ಕಾಯಿಲ್‌ಗೆ ಇಟ್ಟುಕೊಂಡೇ ಹ್ಯಾಂಡಲ್ ಅನ್ನು ಎಡದಿಂದ ನೇರಕ್ಕೆ ತಾ. ಸಂಖ್ಯೆ ನೋಡು.


ಆಲ್ದೂರು ಬುಲೆಟ್
ಸೋಮವಾರ, ಬೆಳಗ್ಗೆ 9:55

ಎಡಕ್ಕೆ ಇದ್ದಾಗ 8.3. ನೇರ ಮಾಡಿದ ಕೂಡಲೇ 11.8. ಮತ್ತೆ ಎಡಕ್ಕೆ 8.4. ಐದು ಸಲ ಮಾಡಿದೆ, ಐದು ಸಲವೂ ಹಾಗೇ.

ಬಿಸಿಲು ಏನೂ ಮಾಡುತ್ತಿರಲಿಲ್ಲ. ಕಣಕ್ಕೆ ತಳ್ಳಿಕೊಂಡು ಹೋಗುವಾಗ ಹ್ಯಾಂಡಲ್ ನೇರ ಆಗುತ್ತಿತ್ತು, ಅಷ್ಟೇ. ಒಂದು ತಿಂಗಳು ನಾನು ಬಿಸಿಲನ್ನು ನಂಬಿಕೊಂಡಿದ್ದೆ.


ಕೆಎ13 ಸವಾರ
ಸೋಮವಾರ, ಬೆಳಗ್ಗೆ 9:58

ತಾತ, ನಿಮಗೆ ದೊಡ್ಡ ನಮಸ್ಕಾರ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.


ಮೂಡಿಗೆರೆ ಮಳೆ
ಸೋಮವಾರ, ಬೆಳಗ್ಗೆ 10:04

ಓದುತ್ತಾ ಮೈ ಜುಮ್ಮೆಂದಿತು. ಹ್ಯಾಂಡಲ್ ಪ್ರಶ್ನೆ ನಿಮಗೆ ಹೇಗೆ ಹೊಳೆಯಿತು ತಾತ?


ಡೈನಮೋ ತಾತ
ಸೋಮವಾರ, ಬೆಳಗ್ಗೆ 10:30

ಹಾರ್ನ್ ಜೋರಾಗಿದೆ ಅಂದಾಗಲೇ ಅರ್ಧ ಗೊತ್ತಾಯಿತಮ್ಮ. ಉಳಿದದ್ದು ಸ್ವಿಚ್ ಮತ್ತು ಸ್ವಿಚ್ಚಿನಿಂದ ಕಾಯಿಲಿಗೆ ವಾಪಸ್ ಬರುವ ವೈರ್. ಬುಲೆಟ್ಟಿನಲ್ಲಿ ಕೀ ಇರುವುದು ಹೆಡ್‌ಲೈಟ್ ಡೂಮ್ ಮೇಲೆ, ಕಾಯಿಲ್ ಇರುವುದು ಟ್ಯಾಂಕ್ ಕೆಳಗೆ. ಹಾಗಾಗಿ ಆ ವೈರ್ ಹ್ಯಾಂಡಲ್ ತಿರುಗುವ ಜಾಗವನ್ನು ದಾಟಲೇಬೇಕು. ಮೂವತ್ತು ವರ್ಷ ದಿನಕ್ಕೆ ನೂರು ಸಲ ಮಡಚಿದರೆ ತಾಮ್ರ ಎಳೆ ಎಳೆಯಾಗಿ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಸ್ಸಿನ ಬಾಗಿಲ ಹತ್ತಿರದ ವೈರುಗಳೂ ಹೀಗೇ ಸಾಯುತ್ತವೆ. ಮಡಚುವ ಜಾಗವನ್ನು ಮೊದಲು ನೋಡು ಅಂತ ನನಗೆ ಕಲಿಸಿದವರು ಹೇಳುತ್ತಿದ್ದರು.

ಡೂಮ್ ಬಿಚ್ಚಿ ಆ ವೈರ್ ಹುಡುಕು. ಬೆರಳಲ್ಲಿ ಬಗ್ಗಿಸುತ್ತಾ ಹೋಗು. ಒಂದು ಕಡೆ ಒಳಗೆ ಏನೂ ಇಲ್ಲದ ಹಾಗೆ ಮೆತ್ತಗೆ ಮಡಚಿಕೊಳ್ಳುತ್ತದೆ. ಅದೇ ಜಾಗ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿ ಮೈನಸ್ ಬಿಚ್ಚು.


ಆಲ್ದೂರು ಬುಲೆಟ್
ಸೋಮವಾರ, ಮಧ್ಯಾಹ್ನ 1:15

ಸಿಕ್ಕಿತು ತಾತ. ನೀವು ಹೇಳಿದ ಹಾಗೇ ಮೆತ್ತಗೆ ಮಡಚಿಕೊಂಡಿತು. ಬ್ಲೇಡಿನಲ್ಲಿ ಸೀಳಿ ನೋಡಿದರೆ ಒಳಗೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿದೆ. ಮೂರು ನಾಲ್ಕು ಎಳೆ ಮಾತ್ರ ಉಳಿದಿವೆ. ಹೊರಗಿನಿಂದ ಏನೇನೂ ಗೊತ್ತಾಗುವುದಿಲ್ಲ.

ಈಗ ಅಲ್ಲೇ ಕತ್ತರಿಸಿ ಸೋಲ್ಡರ್ ಮಾಡಲಾ?


ಸಕಲೇಶಪುರ ಘಾಟಿ
ಸೋಮವಾರ, ಮಧ್ಯಾಹ್ನ 1:22

ಮಾಡಿ. ಸೋಲ್ಡರ್ ಗಟ್ಟಿ, ಮೇಲೆ ಟೇಪ್ ಸುತ್ತಿ. ಹತ್ತು ರೂಪಾಯಿ ಕೆಲಸ.


ಬೇಲೂರು ಗ್ಯಾರೇಜ್
ಸೋಮವಾರ, ಮಧ್ಯಾಹ್ನ 1:40

ದಯವಿಟ್ಟು ಅಲ್ಲಿ ಸೋಲ್ಡರ್ ಬೇಡ. ಸೋಲ್ಡರ್ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ. ಮಡಚುವ ಜಾಗದಲ್ಲಿ ಕಡ್ಡಿಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಆರು ತಿಂಗಳಿಗೆ ಇದೇ ಕಥೆ.


ಸಕಲೇಶಪುರ ಘಾಟಿ
ಸೋಮವಾರ, ಮಧ್ಯಾಹ್ನ 1:47

ನಾನು ಸೋಲ್ಡರ್ ಮಾಡಿದ ವೈರ್ ಎಂಟು ವರ್ಷದಿಂದ ಚೆನ್ನಾಗಿದೆ.


ಬೇಲೂರು ಗ್ಯಾರೇಜ್
ಸೋಮವಾರ, ಮಧ್ಯಾಹ್ನ 1:52

ಅಲುಗದ ಜಾಗದಲ್ಲಿ ಇರುತ್ತದೆ, ಇಲ್ಲ ಅನ್ನಲ್ಲ. ಇದು ಅಲುಗುವ ಜಾಗ.


ಡೈನಮೋ ತಾತ
ಸೋಮವಾರ, ಮಧ್ಯಾಹ್ನ 2:15

ಬೇಲೂರಿನವರ ಮಾತು ಸರಿ. ಮಡಚುವ ಜಾಗದಲ್ಲಿ ಜೋಡಣೆಯೇ ಇರಬಾರದು. ಸ್ವಿಚ್ಚಿನಿಂದ ಕಾಯಿಲ್‌ವರೆಗೆ ಒಂದೇ ಹೊಸ ವೈರ್ ಎಳೆ. ಗಾಡಿಗೆ ಅಂತಲೇ ಬರುವ, ಸಣ್ಣ ಎಳೆ ಜಾಸ್ತಿ ಇರುವ ಮೆತ್ತನೆ ವೈರ್ ತಗೊ. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ. ಎರಡು ತುದಿಗೂ ಲಗ್ (ವೈರ್ ತುದಿಗೆ ಹಾಕುವ ಲೋಹದ ಕೊಂಡಿ) ಹಾಕಿ ಪ್ಲೈಯರಿನಲ್ಲಿ ಚೆನ್ನಾಗಿ ಒತ್ತು. ಹ್ಯಾಂಡಲ್ ಹತ್ತಿರ ಸ್ವಲ್ಪ ಸಡಿಲ ಬಿಟ್ಟು, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಬಿಗಿಯಾಗುತ್ತದಾ ನೋಡು. ತೂತಿನ ಅಂಚಿಗೆ ರಬ್ಬರ್ ಇಲ್ಲದಿದ್ದರೆ ಹಾಕು.

ಅದರ ಪಕ್ಕದ ವೈರುಗಳಿಗೂ ಅಷ್ಟೇ ವಯಸ್ಸಾಗಿದೆ. ಆಂಪಿಯರ್ ಮೀಟರಿಗೆ ಬರುವ ದಪ್ಪ ವೈರ್ ಒಂದನ್ನಾದರೂ ಇದೇ ಜೊತೆಗೆ ಬದಲಿಸು. ಅದು ತುಂಡಾದರೆ ರಾತ್ರಿ ಹೊತ್ತು ಲೈಟು, ಇಂಜಿನ್ ಎಲ್ಲಾ ಒಟ್ಟಿಗೆ ಹೋಗುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಾಗಾಗುವುದು ಬೇಡ.


ಕೊಪ್ಪದ ಕಾಫಿ
ಸೋಮವಾರ, ಮಧ್ಯಾಹ್ನ 2:30

ಐದು ಸಾವಿರದ ಭಾಗ ಹಾಕಿಸಿದ ಮೆಕ್ಯಾನಿಕ್ಕಿನ ಹತ್ತಿರ ದುಡ್ಡು ವಾಪಸ್ ಕೇಳಿ. ನೂರು ರೂಪಾಯಿ ವೈರಿಗೆ ಇಷ್ಟೆಲ್ಲಾ ಬಿಚ್ಚಿಸಿದರಲ್ಲ.


ಬೇಲೂರು ಗ್ಯಾರೇಜ್
ಸೋಮವಾರ, ಮಧ್ಯಾಹ್ನ 3:05

ಅವರ ಪರವಾಗಿ ಒಂದು ಮಾತು ಹೇಳುತ್ತೇನೆ. ಗ್ಯಾರೇಜಿಗೆ ಗಾಡಿ ಬಂದಾಗ ಹ್ಯಾಂಡಲ್ ನೇರ ಇರುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಇಲ್ಲದ ತೊಂದರೆಯನ್ನು ಯಾರು ಹುಡುಕಲಿ? ಹುಡುಕಲು ಎರಡು ಗಂಟೆ ಕೂತರೆ ಆ ಎರಡು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ಭಾಗ ಹಾಕಿದರೆ ಮಾತ್ರ ಬಿಲ್ ಕೊಡುತ್ತಾರೆ. ನಮ್ಮ ಕೆಲಸದ ಕಷ್ಟ ಇದು. ಆದರೂ ವೈರ್ ಕಿತ್ತು ಅಳೆದದ್ದು ತಪ್ಪು. ಅದನ್ನು ಒಪ್ಪುತ್ತೇನೆ. ನಾನೂ ಶುರುವಿನಲ್ಲಿ ಹಾಗೇ ಅಳೆಯುತ್ತಿದ್ದೆ.


ಆಲ್ದೂರು ಬುಲೆಟ್
ಸೋಮವಾರ, ಮಧ್ಯಾಹ್ನ 3:20

ದುಡ್ಡು ಕೇಳುವುದಿಲ್ಲ ಸಾರ್. ಅವರು ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಬರುತ್ತಿರುವವರು, ಮಳೆಯಲ್ಲೂ ಬಂದಿದ್ದಾರೆ. ಈ ಚರ್ಚೆಯನ್ನು ಅವರಿಗೆ ಓದಿ ಹೇಳುತ್ತೇನೆ. ಹಳೇ ಕಾಯಿಲ್, ಹಳೇ ಕಂಡೆನ್ಸರ್ ಎರಡೂ ಸರಿ ಇದ್ದವು ಅಂತ ಈಗ ಗೊತ್ತಾಯಿತಲ್ಲ, ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.


ಆಲ್ದೂರು ಬುಲೆಟ್
ಮಂಗಳವಾರ, ಬೆಳಗ್ಗೆ 7:45

ನಿನ್ನೆ ಸಂಜೆ ಚಿಕ್ಕಮಗಳೂರಿನಿಂದ ವೈರ್, ಲಗ್, ರಬ್ಬರ್ ತಂದು ರಾತ್ರಿ ಒಂಬತ್ತಕ್ಕೆ ಮುಗಿಸಿದೆ. ಎರಡು ವೈರನ್ನೂ ಬದಲಿಸಿದೆ. ಅಪ್ಪ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದರು.

ಇವತ್ತು ಬೆಳಗ್ಗೆ ಅದೇ ಶೆಡ್ಡು, ಅದೇ ಇಬ್ಬನಿ, ಹ್ಯಾಂಡಲ್ ಪೂರ್ತಿ ಎಡಕ್ಕೆ. ಕಾಯಿಲ್ ಹತ್ತಿರ 12.0. ಡಿಕಂಪ್ರೆಸರ್ ಹಿಡಿದು ಮುಳ್ಳು ನೋಡಿಕೊಂಡು ಒಂದು ಕಿಕ್. ಒಂದೇ ಕಿಕ್!

ಅಪ್ಪ ಮಾತಾಡಲಿಲ್ಲ. ಶಾಲು ಹೊದ್ದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಆಲ್ದೂರು ಪೇಟೆಗೆ ಹೋಗಿ ಕಾಫಿ ಕುಡಿದು ಈಗ ಬಂದೆವು.


ಯೆಜ್ಡಿ ಹುಚ್ಚ
ಮಂಗಳವಾರ, ಬೆಳಗ್ಗೆ 7:52

ಇದನ್ನು ಓದಿ ನನ್ನ ದಿನವೇ ಚೆನ್ನಾಯಿತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.


ಡೈನಮೋ ತಾತ
ಮಂಗಳವಾರ, ಬೆಳಗ್ಗೆ 8:30

ಸಂತೋಷ ಆಯಿತಪ್ಪ. ಕೊನೆಯ ಒಂದು ಕೆಲಸ ಬಾಕಿ ಇದೆ. ಒಂದು ತಿಂಗಳು ಸುಮ್ನೆ ಕಿಕ್ ಹೊಡೆದು ಹೊಡೆದು ಬ್ಯಾಟರಿ ಸೊರಗಿರುತ್ತದೆ. ಇಂಜಿನ್ ಓಡಿಸಿ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿ ತುದಿಯಲ್ಲಿ ಅಳೆ. 13.8ರಿಂದ 14.5ರ ಒಳಗೆ ಇರಬೇಕು. ಕಡಿಮೆ ಇದ್ದರೆ ಚಾರ್ಜ್ ಆಗುತ್ತಿಲ್ಲ, ಜಾಸ್ತಿ ಇದ್ದರೆ ಬ್ಯಾಟರಿ ನೀರು ಕುದಿಯುತ್ತದೆ.


ಆಲ್ದೂರು ಬುಲೆಟ್
ಮಂಗಳವಾರ, ಬೆಳಗ್ಗೆ 8:47

14.1 ಬಂತು ತಾತ. ಮೀಟರ್ ಹಿಡಿದದ್ದು ಅಪ್ಪ.